ಸೈಂಧವ ವಧೆಯ ಬಯಲಾಟವೂ ನಮ್ಮ ಗಡಿನಾಡಿನ ಸೂರ್ಯಗ್ರಹಣಗಳೂ

ಸೂರ್ಯಬಿಂಬವು ಸಂಪೂರ್ಣವಾಗಿ ಮುಚ್ಚಿಹೋಗಿ ನಡುಹಗಲಲ್ಲಿ ಕತ್ತಲು ಕವಿಯುವ ಪೂರ್ಣಗ್ರಹಣವು ಭೂಮಂಡಲದ ಮೇಲೆ ಎಲ್ಲಾದರೂ ಒಂದೆಡೆ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಸಂಭವಿಸುತ್ತದೆ. ಆದರೆ ಒಂದೇ ಊರಿನ ಪಾಲಿಗೆ ಅದು ಮರಳಿ ಬರಬೇಕಾದರೆ ಸರಾಸರಿ 375 ವರ್ಷಗಳು ಬೇಕೆಂದು ಖಗೋಳಜ್ಞರು ಲೆಕ್ಕಹಾಕಿದ್ದಾರೆ. ಅಂದರೆ ಹದಿನೈದು ತಲೆಮಾರುಗಳ ಅಂತರ. ಅಜ್ಜ ಮೊಮ್ಮಗನಿಗೆ ಹೇಳಿ, ಮೊಮ್ಮಗ ತನ್ನ ಮೊಮ್ಮಗನಿಗೆ ಹೇಳಿ ಉಳಿಸಿಕೊಳ್ಳಬಹುದಾದ ನೆನಪಿನ ಅಳತೆಗೆ ಇದು ನಿಲುಕುವುದಿಲ್ಲ. ಹೀಗಿದ್ದರೂ ರಾಯದುರ್ಗ ಮಡಕಶಿರಾಗಳ ಹಳ್ಳಿಗಳಲ್ಲಿ ಅಕ್ಷರ ಕಲಿಯದ ಹಿರಿಯರೂ ಹಗಲಿನಲ್ಲಿ ಸೂರ್ಯ ಮರೆಯಾದರೆ ಲೋಕ ಹೇಗೆ ಕಂಗೆಡುತ್ತದೆ ಎಂಬುದನ್ನು ಕಣ್ಣಾರೆ ಕಂಡವರಂತೆ ಬಣ್ಣಿಸಬಲ್ಲವರಾಗಿದ್ದರು. ಅವರು ಅದನ್ನು ಕಂಡದ್ದು ಆಕಾಶದಲ್ಲಿ ಅಲ್ಲ, ಬಯಲಾಟದ ಅಟ್ಟದ ಮೇಲೆ. ದ್ರೋಣಪರ್ವದ ಸೈಂಧವ ವಧೆಯ ಪ್ರಸಂಗದಲ್ಲಿ. ಈ ಪ್ರಸಂಗಕ್ಕೂ ನಮ್ಮ ನೆಲ ಕಂಡ ಗ್ರಹಣಗಳಿಗೂ ಇರುವ ನಂಟನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ವಿಚಾರ. ವೇದಾವತಿಯ ಸೀಮೆಯ ರಾಯದುರ್ಗವು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಅಂದು ಆಂಧ್ರ ರಾಜ್ಯ ರೂಪುಗೊಂಡಾಗ ಆದೋನಿ, ಆಲೂರು ಮತ್ತು ರಾಯದುರ್ಗಗಳು ಆಂಧ್ರಕ್ಕೂ, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೂ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯದಾಯಿತು. ಮಡಕಶಿರಾ ಅದಕ್ಕೂ ಬಹಳ ಮುಂಚಿನಿಂದಲೇ ಅನಂತಪುರ ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಶಿರಾ, ಮಧುಗಿರಿ, ಪಾವಗಡಗಳು ಅದನ್ನು ಮೂರು ಕಡೆಯಿಂದ ಆವರಿಸಿಕೊಂಡಿವೆ. 2022ರ ಏಪ್ರಿಲ್‌ನಲ್ಲಿ ಹೊಸ ಜಿಲ್ಲೆಗಳು ರಚನೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದರೂ ಅಗಳಿ, ಅಮರಾಪುರ, ರೊಳ್ಳ, ಗುಡಿಬಂಡೆಗಳ ಮನೆಮಾತು ಕನ್ನಡವಾಗಿಯೇ ನಡೆದುಬಂದಿದೆ. ಆಟ ಕಟ್ಟುವಾಗ ಮೊಳಕಾಲ್ಮೂರಿನವರು ರಾಯದುರ್ಗದ ಕಡೆಗೆ, ಶಿರಾದವರು ಮಡಕಶಿರಾದ ಕಡೆಗೆ ಬರುವುದಕ್ಕೆ ಯಾವ ಗಡಿಯೂ ಅಡ್ಡಬಂದಿಲ್ಲ.

ಈ ನೆಲದಲ್ಲಿ ಗ್ರಹಣವು ಮೊದಲು ದಾಖಲೆಯಾದದ್ದು ಕಲ್ಲಿನ ಮೇಲೆ. ಅಮರಾಪುರದ ಬಳಿಯ ಇಂದಿನ ಹೇಮಾವತಿಯೇ ಹಿಂದಿನ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರ ರಾಜಧಾನಿ. ಅಲ್ಲಿಯ ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳನ್ನು ನೋಡದವರು ನಮ್ಮಲ್ಲಿ ವಿರಳ. ಹೇಮಾವತಿಯಿಂದ ಕೊಂಡೊಯ್ದ ನೊಳಂಬ ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನಮ್ಮ ನೆಲದ ಹೆಸರನ್ನು ಹೇಳುತ್ತಿವೆ. ಗಂಗ, ನೊಳಂಬ, ಚಾಲುಕ್ಯರಿಂದ ವಿಜಯನಗರದ ಅರಸರವರೆಗೆ ಕನ್ನಡ ನಾಡಿನ ದಾನಶಾಸನಗಳನ್ನು ಓದುತ್ತ ಹೋದರೆ ಸಂಕ್ರಾಂತಿ, ವ್ಯತೀಪಾತಗಳ ಜೊತೆಗೆ ಸೂರ್ಯಗ್ರಹಣ, ಸೋಮಗ್ರಹಣಗಳ ನಿಮಿತ್ತ ಭೂಮಿಯನ್ನು ಧಾರೆಯೆರೆದ ಸಂದರ್ಭಗಳು ಮತ್ತೆಮತ್ತೆ ಎದುರಾಗುತ್ತವೆ. ಸೂರ್ಯನನ್ನು ಕಳೆದುಕೊಂಡ ಗಳಿಗೆಯಲ್ಲಿ ಮನುಷ್ಯ ತನ್ನಲ್ಲಿರುವುದನ್ನು ಕೊಟ್ಟು ನಿಶ್ಚಿಂತನಾಗಲು ಬಯಸಿದ ಎನ್ನಬೇಕು. ಆ ಭಯಭಕ್ತಿಯು ಇತಿಹಾಸಕ್ಕೆ ಅನಿರೀಕ್ಷಿತವಾಗಿ ಉಪಕಾರ ಮಾಡಿತು. ಅರಸನ ಆಳ್ವಿಕೆಯ ವರ್ಷದ ಬಗ್ಗೆ ಸಂದೇಹ ಬಂದಾಗ, ಆ ತಿಥಿಯಲ್ಲಿ ಗ್ರಹಣ ನಿಜಕ್ಕೂ ಆಗಿತ್ತೇ ಎಂದು ಲೆಕ್ಕಹಾಕಿ ಶಾಸನದ ಕಾಲವನ್ನು ಒರೆಹಚ್ಚುವುದು ವಿದ್ವಾಂಸರಿಗೆ ಸಾಧ್ಯವಾಯಿತು. 1896ರಲ್ಲಿ ರಾಬರ್ಟ್ ಸೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಪ್ರಕಟಿಸಿದ ಭಾರತೀಯ ಪಂಚಾಂಗ ಕುರಿತ ಗ್ರಂಥದಲ್ಲಿ ಸೂರ್ಯಗ್ರಹಣಗಳ ಕೋಷ್ಟಕಗಳೇ ಸೇರಿದ್ದವು.

ಗ್ರಹಣವೆಂದರೆ ಏನೆಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಹೊಸದಲ್ಲ. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಆರ್ಯಭಟನು ಕ್ರಿ.ಶ. 499ರಲ್ಲಿಯೇ ನಿರೂಪಿಸಿದ್ದನು. ಪಂಚಾಂಗ ಬರೆಯುವವರು ಸ್ಪರ್ಶ, ಮಧ್ಯ, ಮೋಕ್ಷಗಳ ಗಳಿಗೆಗಳನ್ನು ಗಣಿತದಿಂದಲೇ ಕಂಡುಕೊಂಡರು. ಸಮುದ್ರಮಥನದ ರಾಹುವಿನ ಕಥೆಯನ್ನೂ ಈ ಗಣಿತವನ್ನೂ ನಮ್ಮ ಹಿರಿಯರು ಒಂದೇ ಮನೆಯಲ್ಲಿ ಇಟ್ಟುಕೊಂಡು ಬಾಳಿದರು. ಮಕ್ಕಳಿಗೆ ಇದನ್ನು ತಿಳಿಯಹೇಳಲು ನಮ್ಮ ಸೀಮೆಯಲ್ಲಿ ಒಳ್ಳೆಯ ದೃಷ್ಟಾಂತವೊಂದಿದೆ. ಧರ್ಮಾವರದ ಬಳಿಯ ನಿಮ್ಮಲಕುಂಟೆಯ ಕಲಾವಿದರು ಇಂದಿಗೂ ಆಡಿಸುವ ತೊಗಲುಗೊಂಬೆಯಾಟದಲ್ಲಿ ಹಿಂದೆ ದೀಪ, ಮುಂದೆ ಬಿಳಿಯ ಪರದೆ, ನಡುವೆ ಗೊಂಬೆ. ದೀಪವನ್ನು ಸೂರ್ಯನೆಂದೂ ಗೊಂಬೆಯನ್ನು ಚಂದ್ರನೆಂದೂ ಪರದೆಯನ್ನು ಭೂಮಿಯೆಂದೂ ಭಾವಿಸಿದರೆ ಸೂರ್ಯಗ್ರಹಣ ಅರ್ಥವಾಗುತ್ತದೆ. ಪರದೆಯ ಮೇಲೆ ನೆರಳು ಬಿದ್ದ ತಾಣದಲ್ಲಿರುವವನಿಗೆ ದೀಪ ಕಾಣದು, ಪಕ್ಕದಲ್ಲಿರುವವನಿಗೆ ಕಾಣುತ್ತದೆ. ಪೂರ್ಣಗ್ರಹಣ ಒಂದು ಕಿರಿದಾದ ಪಟ್ಟಿಯ ಊರುಗಳಿಗೆ ಮಾತ್ರ ದಕ್ಕುವುದು ಇದೇ ಕಾರಣದಿಂದ.

ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಂಥ ಪಟ್ಟಿಗಳು ನಮ್ಮ ಸಮೀಪದಲ್ಲೇ ಹಾದುಹೋಗಿವೆ. 1868ರ ಆಗಸ್ಟ್ 18ರ ಬೆಳಿಗ್ಗೆ ನೆರಳು ಜಮಖಂಡಿಯ ಮೇಲೆ ಹಾದು ಗುಂಟೂರು, ಮಚಲಿಪಟ್ಟಣಗಳತ್ತ ಸಾಗಿತು. ಇಂಗ್ಲೆಂಡಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿಯೂ, ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿಯೂ ಉಪಕರಣಗಳನ್ನು ಹೂಡಿದ್ದರು. ಆ ಗ್ರಹಣದಲ್ಲಿ ಸೂರ್ಯನ ಅಂಚಿನ ಬೆಳಕಿನಲ್ಲಿ ಕಂಡ ಹಳದಿ ಗೆರೆಯ ಶೋಧವೇ ಮುಂದೆ ಹೀಲಿಯಂ ಎಂಬ ಧಾತುವಿನ ಪರಿಚಯಕ್ಕೆ ದಾರಿಮಾಡಿತು. ಮೂರು ವರ್ಷಗಳ ತರುವಾಯ, 1871ರ ಡಿಸೆಂಬರ್ 12ರಂದು, ನೆರಳು ಕಾಸರಗೋಡಿನ ಬೇಕಲದಿಂದ ನೀಲಗಿರಿಯತ್ತ ಸಾಗಿತು. ಹೀಲಿಯಂಗೆ ಹೆಸರಿಟ್ಟ ನಾರ್ಮನ್ ಲಾಕಿಯರ್ ಅದನ್ನು ವೀಕ್ಷಿಸಿದ್ದು ಬೇಕಲದ ಕೋಟೆಯಿಂದ. ಹೀಗೆ ಸೌರವಿಜ್ಞಾನದ ಚರಿತ್ರೆಯಲ್ಲಿ ಮತ್ತೊಂದು ಗಡಿನಾಡಾದ ಕಾಸರಗೋಡಿಗೂ ಸ್ಥಾನ ದೊರೆಯಿತು. 1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನ ಕಾರವಾರ, ಅಂಕೋಲೆಗಳಲ್ಲಿ ನೆಲ ಮುಟ್ಟಿದ ನೆರಳು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಸಾಗಿ ಆಂಧ್ರವನ್ನು ಪ್ರವೇಶಿಸಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ರಾಯದುರ್ಗ ಮಡಕಶಿರಾಗಳು ಆ ಪಟ್ಟಿಯಿಂದ ದಕ್ಷಿಣಕ್ಕೆ ಉಳಿದವು. ನಮ್ಮಲ್ಲಿ ಸೂರ್ಯಬಿಂಬದ ಬಹುಭಾಗ ಮರೆಯಾಯಿತು, ಪೂರ್ಣ ಮರೆಯಾಗಲಿಲ್ಲ. ಅಂದು ನಾಡಿನ ಎಷ್ಟೋ ಊರುಗಳ ಬೀದಿಗಳು ಬರಿದಾಗಿದ್ದವು. ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಅಂಚಿನವರೆಗೆ ಬಂದು ನಿಂತ ಈ ಕತ್ತಲೆಯ ಪೂರ್ಣಾನುಭವವನ್ನು ನಮ್ಮವರಿಗೆ ಕೊಟ್ಟದ್ದು ಬಯಲಾಟವೇ.

ಕಥೆ ಎಲ್ಲರೂ ಬಲ್ಲದ್ದು. ಕುರುಕ್ಷೇತ್ರದ ಹದಿಮೂರನೆಯ ದಿನ ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕಾಗ, ಅವನ ಹಿಂದೆ ಬಂದ ಪಾಂಡವರನ್ನು ವ್ಯೂಹದ ಬಾಗಿಲಲ್ಲಿ ತಡೆದು ನಿಲ್ಲಿಸಿದವನು ಸಿಂಧು ದೇಶದ ದೊರೆ ಜಯದ್ರಥ, ಕೌರವರ ತಂಗಿ ದುಶ್ಶಲೆಯ ಗಂಡ. ನಾಳೆ ಸೂರ್ಯ ಮುಳುಗುವುದರೊಳಗೆ ಸೈಂಧವನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನ ಪ್ರತಿಜ್ಞೆ ಮಾಡುತ್ತಾನೆ. ಹದಿನಾಲ್ಕನೆಯ ದಿನವಿಡೀ ಕೌರವಸೇನೆ ಸೈಂಧವನನ್ನು ಬಚ್ಚಿಟ್ಟು ಕಾಯುತ್ತದೆ. ಹೊತ್ತು ಇಳಿಯುತ್ತದೆ. ಆಗ ಕೃಷ್ಣ ಸೂರ್ಯನನ್ನು ಮರೆಮಾಡುತ್ತಾನೆ. ಹೊತ್ತು ಮುಳುಗಿತೆಂದು ಕೌರವರು ಸಂಭ್ರಮಿಸುತ್ತಾರೆ. ಅರ್ಜುನ ಬೆಂಕಿಗೆ ಬೀಳುವುದನ್ನು ನೋಡಲು ಸೈಂಧವ ಅಡಗುತಾಣದಿಂದ ಹೊರಬಂದು ತಲೆಯೆತ್ತುತ್ತಾನೆ. ಮರೆ ಸರಿಯುತ್ತದೆ. ಸೂರ್ಯ ಇನ್ನೂ ಅಲ್ಲಿಯೇ ಇದ್ದಾನೆ. ಅರ್ಜುನನ ಬಾಣಕ್ಕೆ ಸಿಕ್ಕ ಸೈಂಧವನ ತಲೆ, ಸಂಧ್ಯಾವಂದನೆಯಲ್ಲಿ ಕುಳಿತಿದ್ದ ಅವನ ತಂದೆ ವೃದ್ಧಕ್ಷತ್ರನ ತೊಡೆಯ ಮೇಲೆ ಬೀಳುತ್ತದೆ.

ಇದು ನಿಜವಾಗಿ ನಡೆದ ಸೂರ್ಯಗ್ರಹಣವೆಂದೂ, ಇದರಿಂದ ಭಾರತಯುದ್ಧದ ದಿನಾಂಕವನ್ನೇ ಕಂಡುಹಿಡಿಯಬಹುದೆಂದೂ ವಾದಿಸುವವರಿದ್ದಾರೆ. ಈ ವಾದವನ್ನು ಕಥೆಯ ಒಳಗಿನಿಂದಲೇ ಪರೀಕ್ಷಿಸಬಹುದು. ಸೂರ್ಯಗ್ರಹಣ ಅಮಾವಾಸ್ಯೆಯಂದಲ್ಲದೆ ಆಗುವುದಿಲ್ಲ. ಅಮಾವಾಸ್ಯೆಯ ರಾತ್ರಿ ಚಂದ್ರೋದಯವಿಲ್ಲ. ಆದರೆ ಸೈಂಧವನು ಸತ್ತ ಅದೇ ರಾತ್ರಿ ದೀವಟಿಗೆಗಳ ಬೆಳಕಿನಲ್ಲಿ ಯುದ್ಧ ಮುಂದುವರಿಯುತ್ತದೆ, ಘಟೋತ್ಕಚ ಬೀಳುತ್ತಾನೆ, ದಣಿದ ಸೇನೆಗಳು ರಣಭೂಮಿಯಲ್ಲೇ ಒರಗುತ್ತವೆ, ಆಮೇಲೆ ಚಂದ್ರ ಮೂಡಿದನೆಂದು ದ್ರೋಣಪರ್ವವೇ ಹೇಳುತ್ತದೆ. ಚಂದ್ರ ಮೂಡಿದ ರಾತ್ರಿಗೆ ಮುಂಚಿನ ಹಗಲು ಅಮಾವಾಸ್ಯೆಯ ಗ್ರಹಣವಾಗಿರಲಾರದು. ಆದ್ದರಿಂದ ಈ ಪ್ರಸಂಗವನ್ನು ಗ್ರಹಣದ ವರದಿಯೆಂದು ಹೇಳಲು ನಾವು ಒಪ್ಪುವುದಿಲ್ಲ. ಗ್ರಹಣವನ್ನು ಕಂಡ ಯಾವುದೋ ತಲೆಮಾರಿನ ಅನುಭವವು ಕಥನಕ್ಕೆ ಪ್ರೇರಣೆಯಾಯಿತೆಂಬುದು ಮಾತ್ರ ನಮ್ಮ ಅಭಿಪ್ರಾಯ. ಇದಕ್ಕೆ ಆಧಾರ ನಮ್ಮ ಜನಪ್ರಿಯ ಕಥನದಲ್ಲಿಯೇ ಇದೆ. ಸಂಸ್ಕೃತ ಭಾರತದ ಪ್ರಚಲಿತ ಪಾಠದಲ್ಲಿ ಕೃಷ್ಣ ಯೋಗಬಲದಿಂದ ಕತ್ತಲನ್ನು ಸೃಷ್ಟಿಸುತ್ತಾನೆ. ಅದು ಆಕಾರವಿಲ್ಲದ ಕತ್ತಲು. ಬಯಲಾಟದ ನಮ್ಮ ಜನ ನಂಬಿದ್ದು ಬೇರೆ: ಕೃಷ್ಣ ಸುದರ್ಶನ ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದನೆಂದು. ಬೆಳಗುವ ಬಿಂಬದ ಮೇಲೆ ಮತ್ತೊಂದು ದುಂಡನೆಯ ಬಿಲ್ಲೆ ಬಂದು ಕೂರುತ್ತದೆ, ಸುತ್ತಲೂ ಬೆಳಕಿನ ಬಳೆ ಉಳಿಯುತ್ತದೆ. ಪೂರ್ಣಗ್ರಹಣದ ರೂಪವೂ ಇದೇ. ಮೋಡ ಕವಿಯಿತೆನ್ನದೆ ಚಕ್ರ ಕವಿಯಿತೆಂದು ಹೇಳಿದ ಮನಸ್ಸಿನ ಹಿಂದೆ ಆಕಾಶವನ್ನು ದಿಟ್ಟಿಸಿದ ಕಣ್ಣೊಂದು ಇದ್ದಿರಲೇಬೇಕು.

ನಮ್ಮ ಸೀಮೆಯ ಬಯಲಾಟ ಈ ಗಳಿಗೆಯನ್ನು ನಿರ್ವಹಿಸುವ ರೀತಿ ವಿಚಾರಯೋಗ್ಯವಾದದ್ದು. ಮಡಕಶಿರಾದ ಕಡೆಗೆ ತುಮಕೂರು ಚಿತ್ರದುರ್ಗಗಳ ಮೂಡಲಪಾಯದ ಪ್ರಭಾವ. ರಾಯದುರ್ಗದ ಕಡೆಗೆ ಬಳ್ಳಾರಿಯ ದೊಡ್ಡಾಟದ ಪ್ರಭಾವ. ಎರಡಕ್ಕೂ ಊರ ಹೊರಗಿನ ಬಯಲೇ ರಂಗಮಂದಿರ. ಸುಗ್ಗಿ ಮುಗಿದ ಮೇಲೆ ರೈತರೇ ಕೂಡಿ, ಆಟ ಕಲಿಸುವ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಗಣಪತಿ ಸ್ತುತಿಯಿಂದ ಆರಂಭಿಸಿ ಬೆಳಗಿನ ಮಂಗಳದವರೆಗೆ ರಾತ್ರಿಯಿಡೀ ಕುಣಿಯುವ ಕಲೆಯಿದು. ಕಿರೀಟ, ಭುಜಕೀರ್ತಿ, ಎದೆಹದಗೆಗಳ ಭಾರ ಹೊತ್ತು, ಮದ್ದಳೆ ತಾಳಗಳ ಗತಿಗೆ ಅಟ್ಟ ಅದುರುವಂತೆ ಹೆಜ್ಜೆಯಿಡುವ ವೇಷಧಾರಿ ಹಗಲಿನಲ್ಲಿ ನೇಗಿಲು ಹಿಡಿದವನೇ. ಅಲ್ಲಿ ಕತ್ತಲೆ ತರುವ ಯಂತ್ರವಿಲ್ಲ. ಹಿಂದೆ ಪಂಜು, ಆಮೇಲೆ ಗ್ಯಾಸ್‌ಲೈಟು, ಈಗ ವಿದ್ಯುದ್ದೀಪ. ಯಾವ ದೀಪವಿದ್ದರೂ ಅದನ್ನು ಆರಿಸಿ ಗ್ರಹಣ ತೋರಿಸುವುದು ಈ ಕಲೆಯ ಕ್ರಮವಲ್ಲ. ಭಾಗವತನ ಪದ, ಸಾರಥಿಯ ಪ್ರಶ್ನೆ, ಪಾತ್ರಧಾರಿಯ ಮಾತು ಮತ್ತು ಮೈಯ ನಿಲುವು, ಇವೇ ಕತ್ತಲನ್ನು ಕಟ್ಟಬೇಕು. ಸುತ್ತಲೂ ನಿಜವಾದ ಇರುಳಿದೆ. ಅಟ್ಟದ ಮೇಲೆ ದೀಪದ ಬೆಳಕು ಹಗಲಾಗಿದೆ. ಆ ಹಗಲಿನಲ್ಲಿ ಸುಳ್ಳು ಇರುಳೊಂದು ಹುಟ್ಟಬೇಕಾಗಿದೆ. ಪ್ರೇಕ್ಷಕನಿಗೆ ದೀಪ ಕಾಣುತ್ತಲೇ ಇರುತ್ತದೆ, ಸೈಂಧವನಿಗೆ ಮಾತ್ರ ಸೂರ್ಯ ಕಾಣುವುದಿಲ್ಲ. ಸತ್ಯವು ನೋಡುವವನ ಕಣ್ಣೆದುರಿಗೇ ಇದ್ದು ಪಾತ್ರಕ್ಕೆ ಮಾತ್ರ ಮರೆಯಾಗಿರುವ ಈ ಸ್ಥಿತಿಯನ್ನು ದೀಪ ಆರಿಸಿ ತೋರಿಸಲು ಹೊರಟರೆ ಪ್ರಸಂಗದ ಸೊಗಸೇ ಕೆಡುತ್ತದೆ.

ಇನ್ನೊಂದು ವಿಶೇಷವೂ ಇದೆ. ಸೈಂಧವ ಬಿದ್ದ ಮೇಲೆ ಕಥೆಯಲ್ಲಿ ದೀವಟಿಗೆಯ ಯುದ್ಧ ನಡೆಯುವಾಗ ಅಟ್ಟದ ಮುಂದೆಯೂ ಹಿಂದೆ ಪಂಜುಗಳೇ ಉರಿಯುತ್ತಿದ್ದವು. ಆಟ ಮುಗಿದು ಮಂಗಳ ಹಾಡುವ ಹೊತ್ತಿಗೆ ಮೂಡಣದಲ್ಲಿ ಕೆಂಪು ಹರಡಿರುತ್ತಿತ್ತು. ಕೃಷ್ಣನು ಮರೆಮಾಡಿ ಮರಳಿ ಕೊಟ್ಟ ಸೂರ್ಯನನ್ನೇ ಊರವರು ಕಣ್ಣಾರೆ ಕಂಡು ಹೊಲದ ದಾರಿ ಹಿಡಿಯುತ್ತಿದ್ದರು. ಗ್ರಹಣದ ದಿನ ಬಾಗಿಲು ಮುಚ್ಚಿ ಒಳಗೆ ಕುಳಿತುಕೊಳ್ಳುತ್ತಿದ್ದ ಅದೇ ಜನ, ಆಟದ ಗ್ರಹಣವನ್ನು ಮಕ್ಕಳುಮರಿಗಳೊಡನೆ ಬಯಲಿನಲ್ಲಿ ಕುಳಿತು ನೋಡಿದರು. ಗ್ರಹಣ ಬಿಡುತ್ತದೆ, ಅಲ್ಲಿಯವರೆಗೆ ತಾಳ್ಮೆ ಬೇಕು ಎಂಬ ಪಾಠವನ್ನು ಪಂಚಾಂಗ ಅಂಕಿಗಳಲ್ಲಿ ಹೇಳಿದರೆ ಬಯಲಾಟ ಕುಣಿತದಲ್ಲಿ ಹೇಳಿತು.

ಪ್ರಸಂಗವು ಆಟದ ಚೌಕಟ್ಟನ್ನು ದಾಟಿಯೂ ಹರಡಿತು. ಕರಾವಳಿಯ ಯಕ್ಷಗಾನದಲ್ಲಿಯೂ ತಾಳಮದ್ದಳೆಯಲ್ಲಿಯೂ ಸೈಂಧವ ವಧೆ ಬೆಳೆದಿದೆ. ಕೃಷ್ಣ ಮಾಡಿದ್ದು ಧರ್ಮವೇ ಕಪಟವೇ ಎಂಬ ಜಿಜ್ಞಾಸೆ ಅರ್ಥಧಾರಿಗಳ ನಾಲಗೆಗೆ ಒಳ್ಳೆಯ ಗ್ರಾಸ. ನಾಟಕ ಕಂಪನಿಗಳ ಯುಗದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿ ಹೆಸರು ಮಾಡಿತು. ಆ ಪೌರಾಣಿಕ ನಾಟಕದ ಹುಚ್ಚು ಶಿರಾ, ಪಾವಗಡ, ಮಡಕಶಿರಾಗಳ ಹಳ್ಳಿಗಳಲ್ಲಿ ಇಂದಿಗೂ ಆರಿಲ್ಲ. ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯ ಕಲಿಯುವ ರೈತ, ಶಿಕ್ಷಕ, ಬಸ್ಸಿನ ಚಾಲಕ ಇವರೆಲ್ಲ ಇಂದಿಗೂ ನಮ್ಮ ನಡುವೆ ಇದ್ದಾರೆ. ನಮ್ಮ ಊರುಗಳಲ್ಲಿ ತೆಲುಗು ಮನೆಮಾತಿನವರೂ ಈ ಆಟಗಳಿಗೆ ಬಂದು ಅದೇ ಚಾಪೆಯ ಮೇಲೆ ಕುಳಿತು ರಾತ್ರಿ ಬೆಳಗಾಗಿಸುತ್ತಾರೆ. ಆಂಧ್ರದ ವೀಧಿನಾಟಕವನ್ನು ನೋಡಿ ಬೆಳೆದ ಕಣ್ಣಿಗೆ ನಮ್ಮ ಬಯಲಾಟ ಅಪರಿಚಿತವೆನ್ನಿಸುವುದಿಲ್ಲ. ಗಡಿನಾಡಿನ ಕಲೆ ಬದುಕುವುದು ಈ ಹೊಂದಾಣಿಕೆಯಲ್ಲಿ.

ಇಷ್ಟನ್ನು ಹೇಳಿದ ಮೇಲೆ ನಮ್ಮನ್ನು ಕಾಡುವ ಪ್ರಶ್ನೆಯನ್ನೂ ಹೇಳಲೇಬೇಕು. ಗಡಿಯಾಚೆಯ ಕನ್ನಡಿಗರ ವಿಷಯದಲ್ಲಿ, ರಾಯದುರ್ಗ ಮಡಕಶಿರಾಗಳಲ್ಲಿ ಕನ್ನಡದ ಹೊತ್ತು ಮುಳುಗಿತು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಸೈಂಧವ ಮಾಡಿದ ತಪ್ಪೂ ಇದೇ: ಮರೆಯನ್ನು ಅಸ್ತಮಾನವೆಂದು ತಿಳಿದದ್ದು. ನಮ್ಮ ಮನೆಗಳಲ್ಲಿ ಕನ್ನಡವಿದೆ, ಸಂತೆಯಲ್ಲಿ ಕನ್ನಡವಿದೆ, ಜಾತ್ರೆಯ ಆಟದಲ್ಲಿ ಕನ್ನಡವಿದೆ. ಇಲ್ಲವಾಗುತ್ತಿರುವುದು ಬರೆಹದಲ್ಲಿ, ಕಚೇರಿಯಲ್ಲಿ, ಮಕ್ಕಳ ಪಠ್ಯದಲ್ಲಿ. ಹಾಗೆಂದು ಈ ಹೋಲಿಕೆಯನ್ನು ಹಿಡಿದು ನಾವು ಸಮಾಧಾನ ಪಟ್ಟುಕೊಂಡು ಕುಳಿತುಕೊಳ್ಳುವಂತಿಲ್ಲ. ಸೂರ್ಯನನ್ನು ಹಿಡಿದ ಗ್ರಹಣ ಯಾರ ಪ್ರಯತ್ನವೂ ಇಲ್ಲದೆ ಕೆಲವೇ ನಿಮಿಷಗಳಲ್ಲಿ ತಾನೇ ಬಿಡುತ್ತದೆ. ಅದರ ಮೋಕ್ಷಕಾಲವನ್ನು ನೂರು ವರ್ಷ ಮುಂಚೆಯೇ ಬರೆದಿಡಬಹುದು. ಭಾಷೆಯನ್ನು ಕವಿದ ಮರೆಗೆ ಅಂಥ ಪಂಚಾಂಗವಿಲ್ಲ. ಕಲಿಸುವವರು ಕಲಿಸದಿದ್ದರೆ, ಕಲಿಯುವವರು ಬಾರದಿದ್ದರೆ ಅದು ಬಿಡುವುದೇ ಇಲ್ಲ. ಬಯಲಾಟದ ಸ್ಥಿತಿಯೂ ಇದೇ. ಪ್ರಸಂಗದ ಪದಗಳೂ ಹೆಜ್ಜೆಗಳೂ ಹಿರಿಯರ ನೆನಪಿನಲ್ಲಿ ಮತ್ತು ಕೈಬರೆಹದ ಪುಸ್ತಕಗಳಲ್ಲಿ ಇವೆ. ಮೇಷ್ಟ್ರೊಬ್ಬರು ತೀರಿಕೊಂಡರೆ, ಅವರ ಟ್ರಂಕಿನಲ್ಲಿದ್ದ ಪುಸ್ತಕ ಗೆದ್ದಲು ಹಿಡಿದರೆ, ಒಂದು ಊರಿನ ಆಟವೇ ಮುಗಿಯುತ್ತದೆ. ಪೂರ್ಣಗ್ರಹಣಕ್ಕಾದರೋ 375 ವರ್ಷ ಕಾದರೆ ಮರಳುವ ನಿರೀಕ್ಷೆಯಾದರೂ ಉಂಟು.

ಆದ್ದರಿಂದ ಸಂಘದ ಸದಸ್ಯರ ಮುಂದೆ ಎರಡು ಸಲಹೆಗಳನ್ನು ಇಡಬಯಸುತ್ತೇವೆ. ಮೊದಲನೆಯದು, ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಮನೆಗಳಲ್ಲಿರುವ ಬಯಲಾಟದ ಕೈಬರೆಹಗಳನ್ನು ಹುಡುಕಿ ಪ್ರತಿ ಮಾಡಿಸುವುದು. ಹಾಡಬಲ್ಲ ಹಿರಿಯರ ಪದಗಳನ್ನು ಧ್ವನಿಮುದ್ರಣ ಮಾಡಿ, ಯಾವ ಪದಕ್ಕೆ ಯಾವ ಕುಣಿತವೆಂಬುದನ್ನು ಅವರ ಬಾಯಿಂದಲೇ ಬರೆದುಕೊಳ್ಳುವುದು. ಇದು ಹಣಕ್ಕಿಂತ ಹೆಚ್ಚಾಗಿ ಓಡಾಟವನ್ನು ಬಯಸುವ ಕೆಲಸ. ರಜೆಯಲ್ಲಿ ಊರಿಗೆ ಹೋಗುವ ಪ್ರತಿಯೊಂದು ಕುಟುಂಬವೂ ಒಂದು ಮನೆಯ ಬಾಗಿಲು ತಟ್ಟಿದರೆ ಅರ್ಧ ಕೆಲಸವಾದಂತೆ.

ಎರಡನೆಯದಕ್ಕೆ ಆಕಾಶವೇ ದಿನ ಗೊತ್ತುಮಾಡಿದೆ. 2031ರ ಮೇ 21ರಂದು ಕೇರಳ ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣವೊಂದು ಹಾದುಹೋಗಲಿದೆ. ನಮ್ಮ ಸೀಮೆಯಲ್ಲಿ ಅದು ಖಂಡಗ್ರಹಣವಾಗಿ ಕಾಣಲಿದೆ. ಅಷ್ಟರಲ್ಲಿ ಗಡಿನಾಡಿನ ಕನ್ನಡ ಶಾಲೆಗಳ ಒಂದು ತಂಡ ಮಕ್ಕಳಿಗಾದರೂ ಸೈಂಧವ ವಧೆಯ ಆಟವನ್ನು ಕಲಿಸಬಹುದು. ಗ್ರಹಣದ ಹಗಲು ಮಕ್ಕಳಿಗೆ ತಕ್ಕ ಕನ್ನಡಕ ಕೊಟ್ಟು ಸೂರ್ಯನನ್ನು ತೋರಿಸೋಣ, ಬರಿಗಣ್ಣಿನಿಂದ ನೋಡಬಾರದೇಕೆಂದು ಹೇಳಿಕೊಡೋಣ. ಅಂದಿನ ರಾತ್ರಿ ಹೇಮಾವತಿಯ ಬಯಲಿನಲ್ಲಿಯೋ ರಾಯದುರ್ಗದ ಬೆಟ್ಟದ ಬುಡದಲ್ಲಿಯೋ ಅಟ್ಟ ಹಾಕಿ ಅದೇ ಮಕ್ಕಳಿಂದ ಆಟ ಆಡಿಸೋಣ. ಇಂದು ಮೂರನೆಯ ನಾಲ್ಕನೆಯ ತರಗತಿಯಲ್ಲಿರುವವರು ಆಗ ಗೆಜ್ಜೆ ಕಟ್ಟುವ ವಯಸ್ಸಿಗೆ ಬಂದಿರುತ್ತಾರೆ. ಅವರಿಗೆ ಕಲಿಸಬಲ್ಲ ಹಿರಿಯರು ಈಗ ನಮ್ಮ ಊರುಗಳಲ್ಲಿ ಇದ್ದಾರೆ; ಅವರ ಬಳಿಗೆ ಹೋಗಲು ಇದೇ ಸಕಾಲ.